ಊರಿಲ್ಲದ ಕಾಫಿ

ಮುಂಗಾರು ಹಿಡಿಯುವ ಮುನ್ನ ಅಡಿಕೆ ಗೊನೆಗೆ ಬೋರ್ಡೋ ಹೊಡೆಸದ ಬೆಳೆಗಾರರು ನಮ್ಮಲ್ಲಿ ವಿರಳ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು ಎಂಬ ಲೆಕ್ಕ ಓದು ಬರಹ ಬಾರದವರಿಗೂ ಬಾಯಿಪಾಠ. ಆದರೆ ಬೋರ್ಡೋ ಎಂಬುದು ಮೂಲತಃ ಔಷಧದ ಹೆಸರಲ್ಲ, ಫ್ರಾನ್ಸ್ ದೇಶದ ಒಂದು ಊರಿನ ಹೆಸರು ಎಂಬುದನ್ನು ನಾವು ನೆನೆಯುವುದು ಕಡಮೆ. ದ್ರಾಕ್ಷಿಗೂ ದ್ರಾಕ್ಷಾರಸಕ್ಕೂ ಹೆಸರಾದ ಆ ಊರಿನ ವಿಶ್ವವಿದ್ಯಾಲಯದ ಮಿಲಾರ್ದೆ ಎಂಬ ಪ್ರಾಧ್ಯಾಪಕರು 1885ರಲ್ಲಿ ದ್ರಾಕ್ಷಿ ಬಳ್ಳಿಯ ಬೂಜು ರೋಗಕ್ಕೆ ಈ ದ್ರಾವಣವನ್ನು ಲೋಕಕ್ಕೆ ತಿಳಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಡಾ. ಲೆಸ್ಲಿ ಕೋಲ್ಮನ್ ಅವರು ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಸುವುದನ್ನು ನಮ್ಮ ಹಿರಿಯರಿಗೆ ಕಲಿಸಿಕೊಟ್ಟರು. ಸಮುದ್ರ ದಾಟಿ ಬಂದು, ಡ್ರಮ್ಮಿನಲ್ಲಿ ಕದಡಿ, ಗೊನೆಯ ಮೇಲೆ ಬಿದ್ದರೂ ಆ ಊರಿನ ಹೆಸರು ಅಳಿಯಲಿಲ್ಲ.

ಊರಿನ ಹೆಸರನ್ನು ಹೀಗೆ ಬಿಡದೆ ಹಿಡಿದುಕೊಳ್ಳುವ ಆ ದೇಶದವರ ಗುಣವನ್ನು ಊಟದ ಮೇಜಿನ ಮೇಲೂ ನೋಡುವ ಅವಕಾಶ ಇತ್ತೀಚೆಗೆ ನನಗೆ ಒದಗಿತು. ಬೆಳೆಗಾರರ ಪತ್ರಿಕೆಯಲ್ಲಿ ಬೆಂಗಳೂರಿನ ದುಬಾರಿ ಹೋಟೆಲಿನ ಊಟದ ವಿಷಯವೇಕೆ ಎಂದು ಸದಸ್ಯ ಬಂಧುಗಳಲ್ಲಿ ಕೆಲವರಾದರೂ ಕೇಳಬಹುದು. ಆ ಊಟದ ಕೊನೆಗೆ ಬರುವುದು ಕಾಫಿ. ನಮ್ಮ ಊಟದ ಕೊನೆಗೆ ಬರುವುದು ತಾಂಬೂಲ. ಎರಡನ್ನೂ ಬೆಳೆಯುವವರು ನಾವು. ಊಟ ಯಾರದೇ ಆಗಿರಲಿ, ಅದರ ಕೊನೆಯ ಹತ್ತು ನಿಮಿಷ ನಮ್ಮ ವ್ಯವಹಾರ. ಆದುದರಿಂದ ಈ ವಿಷಯ ನಮಗೆ ಸಂಬಂಧಪಟ್ಟದ್ದೇ ಎಂದು ನನ್ನ ಅಭಿಪ್ರಾಯ.

ಫ್ರೆಂಚ್-ಅಮೆರಿಕನ್ ರೆಸ್ಟೋರೆಂಟು ಎಂದರೇನು ಎಂಬುದನ್ನು ಮೊದಲು ಹೇಳಬೇಕು. ಅಡಿಗೆ ಫ್ರಾನ್ಸಿನದು, ನಡೆಸುವ ರೀತಿ ಅಮೆರಿಕದ್ದು ಎಂದರೆ ಸ್ಥೂಲವಾಗಿ ಸರಿಯಾಗುತ್ತದೆ. ಇದರ ಮೂಲ ನ್ಯೂಯಾರ್ಕಿನ ಡೆಲ್ಮೊನಿಕೊ ಎಂಬ ಅಂಗಡಿ. ಸ್ವಿಟ್ಜರ್ಲೆಂಡಿನಿಂದ ಹೋದ ಸೋದರರು 1827ರಲ್ಲಿ ಅದನ್ನು ತೆರೆದಾಗ ಅದು ಕೇಕು, ಸಿಹಿ ಮತ್ತು ಕಾಫಿ ಮಾರುವ ಸಣ್ಣ ಅಂಗಡಿ ಮಾತ್ರ. ಮುಂದಿನ ದಶಕದಲ್ಲಿ ಅದು ಫ್ರೆಂಚ್ ಅಡಿಗೆಯ ದೊಡ್ಡ ಊಟದ ಮನೆಯಾಗಿ ಬೆಳೆದು, ಅಮೆರಿಕದ ಶ್ರೀಮಂತರಿಗೆ ಫ್ರೆಂಚ್ ಊಟದ ರುಚಿ ಹತ್ತಿಸಿತು. 1939ರ ನ್ಯೂಯಾರ್ಕ್ ವಿಶ್ವ ಪ್ರದರ್ಶನಕ್ಕೆ ಫ್ರಾನ್ಸಿನಿಂದ ಬಂದಿದ್ದ ಆಂರಿ ಸೂಲೆ ಎಂಬವರು 1941ರಲ್ಲಿ ಅಲ್ಲೇ ನೆಲೆನಿಂತು ಲ ಪಾವಿಯೋಂ ಎಂಬ ರೆಸ್ಟೋರೆಂಟನ್ನು ತೆರೆದರು. ಅಲ್ಲಿ ಶಿಸ್ತು ಹೆಚ್ಚು, ಮಾತು ಮೆಲ್ಲಗೆ. ಗದ್ದಲ, ಸಂಗೀತ, ಮುಂಬಾಗಿಲಲ್ಲೇ ಉದ್ದನೆಯ ಮದ್ಯದ ಕಟ್ಟೆ, ಮಧ್ಯರಾತ್ರಿಯವರೆಗೂ ಜನ ಎಂಬ ಈಗಿನ ರೂಪಕ್ಕೆ ಹೆಸರಾದವು ನ್ಯೂಯಾರ್ಕಿನಲ್ಲೇ 1997ರಲ್ಲಿ ತೆರೆದ ಬಾಲ್ತಜಾರ್ ಮತ್ತು 1999ರಲ್ಲಿ ತೆರೆದ ಪಾಸ್ತೀಸ್. ಪಾಸ್ತೀಸ್ ತೆರೆದ ಬೀದಿ ಅದುವರೆಗೆ ಮಾಂಸದ ಸಗಟು ಮಂಡಿಗಳ ಬೀದಿಯಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ನಗರದ ರಾತ್ರಿವಿಹಾರದ ಕೇಂದ್ರವಾಯಿತು. ಆ ಮಾದರಿ ಈಗ ಲೋಕದ ದೊಡ್ಡ ನಗರಗಳಿಗೆಲ್ಲ ಹಬ್ಬಿದೆ. ರಾತ್ರಿ ಒಂದು ಗಂಟೆಯವರೆಗೆ ಬಾಗಿಲು ತೆರೆದಿರಲು ಅವಕಾಶವಿರುವ ಬೆಂಗಳೂರಿಗೂ ಬಂದಿದೆ.

ಅಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ನನ್ನನ್ನೂ ನನ್ನ ಮನೆಯವರನ್ನೂ ಇಂಥ ಒಂದು ಜಾಗಕ್ಕೆ ಕರೆದೊಯ್ದ. ಒಂಬತ್ತು ಗಂಟೆಗೆ ಹೋದರೆ ಇನ್ನೂ ಅರ್ಧ ಮೇಜು ಖಾಲಿ. ಹತ್ತೂವರೆಗೆ ಕಾಲಿಡಲು ಜಾಗವಿಲ್ಲ. ಬೆಳಕು ಮಂದ, ಸಂಗೀತ ಜೋರು. ಪಕ್ಕದಲ್ಲಿದ್ದವರ ಕಿವಿಯ ಹತ್ತಿರ ಬಾಗಿ ಮಾತಾಡಬೇಕು. "ಮಾವಾ, ಇಲ್ಲಿ ಗದ್ದಲ ಮೊದಲು, ಊಟ ಆಮೇಲೆ" ಎಂದು ಹುಡುಗ ನಕ್ಕ. ಸಸ್ಯಾಹಾರಿಗಳಾದ ನಾವು ಪ್ರತಿಯೊಂದನ್ನೂ ಕೇಳಿ ತಿಳಿದೇ ತರಿಸಬೇಕಾಯಿತು. ಏಕೆಂದರೆ ಬರಿಯ ಈರುಳ್ಳಿಯ ಸೂಪೆಂದು ಕಾಣುವುದನ್ನೂ ಫ್ರೆಂಚರ ಸಂಪ್ರದಾಯದಲ್ಲಿ ಮಾಂಸದ ರಸದಲ್ಲಿ ಬೇಯಿಸುತ್ತಾರೆ. ಬದನೆ, ಟೊಮೆಟೊ, ದಪ್ಪ ಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ ರಟಟೂಯಿ ಎಂಬುದು ನಮ್ಮ ಪಲ್ಯದ ದೂರದ ನೆಂಟನಂತಿತ್ತು. ಹಾಲಿನಲ್ಲಿ ಬೇಯಿಸಿ ಮೇಲೆ ಕೆಂಪಗೆ ಕಾಯಿಸಿದ ಆಲೂಗಡ್ಡೆ ಬಹಳ ಚೆನ್ನಾಗಿತ್ತು. ಬಡಿಸುವ ಹುಡುಗರ ವಿನಯದಲ್ಲಿ ಕೊರತೆ ಇರಲಿಲ್ಲ. ಇಂಥ ಜಾಗಗಳನ್ನು ಹಳಿಯಲು ನಾನು ಈ ಲೇಖನವನ್ನು ಬರೆಯುತ್ತಿಲ್ಲ. ದುಡಿದ ಹಣವನ್ನು ಯುವಕರು ಎಲ್ಲಿ ಖರ್ಚು ಮಾಡಬೇಕೆಂದು ಹೇಳುವುದು ಸಂಘದ ಕಾರ್ಯದರ್ಶಿಯ ಕೆಲಸವೂ ಅಲ್ಲ.

ನನ್ನ ಗಮನವನ್ನು ಸೆಳೆದದ್ದು ಅಲ್ಲಿಯ ಮೆನು ಕಾರ್ಡು. ಅದನ್ನು ಓದುತ್ತ ಹೋದರೆ ಭೂಪಟವನ್ನು ಓದಿದಂತಾಗುತ್ತಿತ್ತು. ಚೀಸು ಎಂದಷ್ಟೇ ಇಲ್ಲ, ರೋಕ್‌ಫೋರ್ ಚೀಸು. ಸಾಸಿವೆ ಎಂದಷ್ಟೇ ಇಲ್ಲ, ದಿಜೋನ್ ಸಾಸಿವೆ. ದ್ರಾಕ್ಷಾರಸದ ಪಟ್ಟಿಯಲ್ಲಿ ಷಾಂಪೇನ್, ಬರ್ಗಂಡಿ, ನಮ್ಮ ಹಳೆಯ ಪರಿಚಯದ ಬೋರ್ಡೋ. ಅಮೆರಿಕದ ಪಾಲಿಗೆ ಕೆಂಟಕಿಯ ಬರ್ಬನ್. ಒಂದೊಂದು ಪದಾರ್ಥಕ್ಕೂ ಒಂದೊಂದು ಊರು, ಒಂದೊಂದು ಸೀಮೆ. ಕೊನೆಯ ಪುಟದಲ್ಲಿ ಒಂದು ಸಾಲು ಮಾತ್ರ ಅನಾಥವಾಗಿತ್ತು: ಕಾಫಿ, 280 ರೂಪಾಯಿ. ಯಾವ ಕಾಫಿ ಎಂದು ಕೇಳಿದೆ. "ಇಟಾಲಿಯನ್ ಬ್ಲೆಂಡ್ ಸಾರ್" ಎಂದ ಬಡಿಸುವ ಹುಡುಗ. ಇಟಲಿಯಲ್ಲಿ ಕಾಫಿ ಬೆಳೆಯುವುದಿಲ್ಲ ಎಂಬುದು ನಮಗೆ ಗೊತ್ತು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿ ಪ್ರಮುಖವಾದದ್ದು, ಅಲ್ಲಿಯ ಎಸ್ಪ್ರೆಸೊ ಮಿಶ್ರಣಗಳಲ್ಲಿ ನಮ್ಮ ರೊಬಸ್ಟಾ ಬಹಳ ಕಾಲದಿಂದ ಬಳಕೆಯಲ್ಲಿದೆ ಎಂಬುದೂ ಗೊತ್ತು. ನಮ್ಮ ಗುಡ್ಡದ ಬೀಜವೇ ಹಡಗೇರಿ ಹೋಗಿ, ಹುರಿಸಿಕೊಂಡು, ಇಟಲಿಯ ಹೆಸರಿಟ್ಟುಕೊಂಡು ಬೆಂಗಳೂರಿಗೆ ಮರಳಿದ್ದರೂ ಆಶ್ಚರ್ಯವಿಲ್ಲ.

ಈಗ 280 ರೂಪಾಯಿಯ ಲೆಕ್ಕವನ್ನು ನೋಡೋಣ. ಒಂದು ಲೋಟಕ್ಕೆ 18 ಗ್ರಾಂ ಹುರಿದ ಪುಡಿ ಬೇಕು. ಹುರಿಯುವಾಗ ತೂಕ ಇಳಿಯುವುದರಿಂದ ಇದಕ್ಕೆ ಸುಮಾರು 22 ಗ್ರಾಂ ಹಸಿ ಬೀಜ ತಗಲುತ್ತದೆ. ಬೀಜದ ಬೆಲೆಯನ್ನು ಕಿಲೋಗೆ 500 ರೂಪಾಯಿ ಎಂದು ಹಿಡಿದರೆ ಬೆಳೆಗಾರನ ಪಾಲು 11 ರೂಪಾಯಿ, ಅಂದರೆ ನೂರಕ್ಕೆ ನಾಲ್ಕು. ಉಳಿದದ್ದರಲ್ಲಿ ಬಾಡಿಗೆ, ಸಂಬಳ, ತೆರಿಗೆ, ದೀಪ, ಸಂಗೀತ ಎಲ್ಲವೂ ಇವೆ. ಹೋಟೆಲಿನವರು ಮೋಸ ಮಾಡುತ್ತಿದ್ದಾರೆಂದು ಹೇಳುವುದು ಅನ್ಯಾಯ. ಆದರೆ ಅದೇ ಮೇಜಿನ ಮೇಲಿನ ಚೀಸಿನ ಬೆಳೆಗಾರನಿಗೆ, ದ್ರಾಕ್ಷಿಯ ಬೆಳೆಗಾರನಿಗೆ ಇರುವ ಒಂದು ಬಲ ನಮಗಿಲ್ಲ. ರೋಕ್‌ಫೋರ್ ಬೇಕೆಂದವನು ರೋಕ್‌ಫೋರನ್ನೇ ಕೊಳ್ಳಬೇಕು, ಬೇರೆ ಊರಿನದು ನಡೆಯುವುದಿಲ್ಲ. ಫ್ರಾನ್ಸಿನಲ್ಲಿ ಆ ಚೀಸಿನ ಹೆಸರಿಗೆ 1925ರಲ್ಲೇ ಕಾನೂನಿನ ರಕ್ಷಣೆ ಸಿಕ್ಕಿತು. ದ್ರಾಕ್ಷಾರಸಗಳಿಗೆ 1935ರಲ್ಲಿ, ಬ್ರೆಸ್ ಎಂಬ ಸೀಮೆಯ ಕೋಳಿಗೆ ಕೂಡ 1957ರಲ್ಲಿ ಅಂಥದೇ ರಕ್ಷಣೆ ದೊರೆಯಿತು. ಹೆಸರಿರುವವನು ಬೆಲೆ ಹೇಳುತ್ತಾನೆ. ಹೆಸರಿಲ್ಲದವನು ಬೆಲೆ ಕೇಳುತ್ತಾನೆ.

ನಮ್ಮ ಕಾಫಿಗೆ ಹೆಸರಿಲ್ಲದೆ ಹೋದದ್ದು ಹೇಗೆ? ಇದಕ್ಕೆ ಕಾರಣ ಸೋಮಾರಿತನವಲ್ಲ, ಚರಿತ್ರೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಹೊರದೇಶದ ಮಾರುಕಟ್ಟೆ ಕುಸಿದಾಗ 1935ರಲ್ಲಿ ಕಾಫಿ ಸೆಸ್ ಕಾಯಿದೆ ಬಂತು. ಆ ಸೆಸ್ಸಿನ ಹಣದಿಂದಲೇ 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಅಂದರೆ ಪಟ್ಟಣದವರಿಗೆ ಕಾಫಿ ಕುಡಿಸಲು ಬೆಳೆಯ ಮೇಲಿನ ಹಣದಿಂದಲೇ ಹೋಟೆಲು ತೆರೆದ ಕಾಲವೂ ಒಂದಿತ್ತು. 1957ರಲ್ಲಿ ಕಾಫಿ ಮಂಡಳಿಯು ಈ ಹೋಟೆಲುಗಳನ್ನು ಕೈಬಿಟ್ಟಾಗ ಅಲ್ಲಿಯ ಕೆಲಸಗಾರರು ಬೆಂಗಳೂರಿನಲ್ಲಿ ಆ ವರ್ಷದ ಆಗಸ್ಟಿನಲ್ಲಿ ತಮ್ಮದೇ ಸಹಕಾರ ಸಂಘವನ್ನು ಕಟ್ಟಿಕೊಂಡು ನಡೆಸತೊಡಗಿದರು. ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದ ಅವರ ಕಾಫಿ ಹೌಸು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡಿತು. ಇತ್ತ ಬೆಳೆಗಾರರ ಕಡೆ 1942ರ ಕಾಫಿ ಕಾಯಿದೆಯ ಮೇರೆಗೆ ಎಲ್ಲರ ಕಾಫಿಯೂ ಮಂಡಳಿಯ ಒಂದೇ ಸಂಗ್ರಹಕ್ಕೆ ಸೇರುವ ಪದ್ಧತಿ ಬಂತು. ಅದರಿಂದ ಸಣ್ಣವರಿಗೆ ರಕ್ಷಣೆ ಸಿಕ್ಕಿದ್ದು ನಿಜ. ಆದರೆ ಸಂಗ್ರಹಕ್ಕೆ ಬಿದ್ದ ಮೇಲೆ ಯಾವ ಬೀಜ ಯಾವ ಗುಡ್ಡದ್ದು ಎಂದು ಕೇಳುವವರಿರಲಿಲ್ಲ. 1996ರಲ್ಲಿ ಆ ಪದ್ಧತಿ ಪೂರ್ತಿಯಾಗಿ ಕೊನೆಗೊಂಡು ನಾವು ಸ್ವತಂತ್ರರಾದೆವು. ಸಂಗ್ರಹ ಹೋಯಿತು, ಬೆರೆಸುವ ಅಭ್ಯಾಸ ಉಳಿಯಿತು. ಇಂದಿಗೂ ನಮ್ಮ ಬಹುಪಾಲು ಸಣ್ಣ ಸದಸ್ಯರು ಹಣ್ಣು, ದೋರೆ, ಕಾಯಿ ಎಲ್ಲವನ್ನೂ ಒಂದೇ ಕಣದಲ್ಲಿ ಹರವಿ, ಚೆರ್ರಿ ಮಾಡಿ, ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಅಳೆದು ಕೊಡುತ್ತಾರೆ.

ದಾವಣಗೆರೆಯವರಾದ ನಮಗೆ ಊರಿನ ಹೆಸರಿನ ಬೆಲೆಯನ್ನು ಪ್ಯಾರಿಸ್ಸಿನವರು ಬಂದು ಕಲಿಸಬೇಕಾಗಿಲ್ಲ. ವಿನೋಬನಗರದ ನಮ್ಮ ಮನೆಯಿಂದ ಹೊರಟರೆ ಬೆಣ್ಣೆ ದೋಸೆಯ ಹೋಟೆಲಿಗೆ ಬಹಳ ದೂರ ನಡೆಯಬೇಕಿಲ್ಲ. ಆ ದೋಸೆ ಈಗ ಬೆಂಗಳೂರಿನ ಬೀದಿ ಬೀದಿಯಲ್ಲಿದೆ. ಅಲ್ಲೆಲ್ಲ ಬೋರ್ಡಿನ ಮೇಲೆ "ದಾವಣಗೆರೆ ಬೆಣ್ಣೆ ದೋಸೆ" ಎಂದೇ ಬರೆದಿರುತ್ತದೆ. ಅಕ್ಕಿ ಎಲ್ಲಿಯದೋ, ಬೆಣ್ಣೆ ಎಲ್ಲಿಯದೋ, ಹೆಸರು ಮಾತ್ರ ನಮ್ಮೂರಿನದು. ಆ ಹೆಸರಿಗಾಗಿಯೇ ಗಿರಾಕಿ ಒಳಗೆ ಬರುತ್ತಾನೆ. ದೋಸೆಗೆ ಊರಿದೆ, ಅದರ ಜೊತೆಗೆ ಕುಡಿಯುವ ಕಾಫಿಗೆ ಊರಿಲ್ಲ. ಇದು ವಿಚಿತ್ರವಲ್ಲವೇ?

ಕಾನೂನಿನ ಮಟ್ಟಿಗೆ ನಮಗೂ ಈಗ ಹೆಸರು ಸಿಕ್ಕಿದೆ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡು ರೊಬಸ್ಟಾ, ಅರಕು ಕಣಿವೆ ಅರೇಬಿಕಾ ಇವಕ್ಕೆ ಭೌಗೋಳಿಕ ಗುರುತು ದೊರೆಯಿತು. ಅದೇ ವರ್ಷ ಶಿರಸಿ ಅಡಿಕೆಗೂ ದೊರೆಯಿತು. ಆದರೆ ಗುರುತು ದೊರೆಯುವುದು ಬೇರೆ, ಅದನ್ನು ಬಳಸುವುದು ಬೇರೆ. ಅಧಿಕೃತ ಬಳಕೆದಾರನೆಂದು ಬೆಳೆಗಾರ ಹೆಸರು ನೋಂದಾಯಿಸಿಕೊಳ್ಳಬೇಕು. ಬೀಜವನ್ನು ಬೇರೆಯಾಗಿ ಇಡಬೇಕು. ಕೊಳ್ಳುವವನ ಪಟ್ಟಿಯಲ್ಲಿ ಅದು ಅಚ್ಚಾಗಬೇಕು. ಇಲ್ಲವಾದರೆ ಅದು ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ಮಾತ್ರ.

ಇದು ಸಾಧ್ಯವೇ ಎಂದು ಅನುಮಾನಿಸುವವರು ಅರಕು ಕಣಿವೆಯ ಕಡೆ ನೋಡಬೇಕು. ಆಂಧ್ರಪ್ರದೇಶದ ಪೂರ್ವಘಟ್ಟದ ಆ ಸೀಮೆಯ ಬೆಳೆಗಾರರು ನಮ್ಮ ಸದಸ್ಯರಿಗಿಂತಲೂ ಸಣ್ಣ ಹಿಡುವಳಿಯ ಗಿರಿಜನರು. ನಾಂದಿ ಪ್ರತಿಷ್ಠಾನದ ನೆರವಿನಿಂದ ಅವರು ಸಹಕಾರ ಸಂಘ ಕಟ್ಟಿಕೊಂಡರು. ಹಣ್ಣಾದದ್ದನ್ನೇ ಕೊಯ್ಯುವುದು, ಒಂದೇ ಕಡೆ ಸಂಸ್ಕರಿಸುವುದು, ಪ್ರತಿ ಹಂತದಲ್ಲಿ ರುಚಿ ನೋಡುವುದು ಇವನ್ನು ವ್ರತದಂತೆ ಹಿಡಿದರು. 2017ರಲ್ಲಿ ಅರಕು ಎಂಬ ಹೆಸರಿನಲ್ಲೇ ಪ್ಯಾರಿಸ್ ನಗರದಲ್ಲಿ ಕಾಫಿ ಅಂಗಡಿ ತೆರೆಯಿತು. ಮುಂದಿನ ವರ್ಷ ಅಲ್ಲಿಯೇ ನಡೆದ ಸ್ಪರ್ಧೆಯಲ್ಲಿ ಚಿನ್ನದ ಪ್ರಶಸ್ತಿಯೂ ಬಂತು. 2021ರಲ್ಲಿ ಬೆಂಗಳೂರಿನ ಇಂದಿರಾನಗರಕ್ಕೂ ಅವರ ಅಂಗಡಿ ಬಂತು. 1686ರಿಂದ ಪ್ರೊಕೋಪ್ ಎಂಬ ಕಾಫಿ ಮನೆ ಇರುವ ನಗರದಲ್ಲಿ, ಊಟಕ್ಕೆ ಲೋಕಪ್ರಸಿದ್ಧವಾದ ಜನರ ನಡುವೆ, ಗಿರಿಜನರ ಕಣಿವೆಯ ಹೆಸರು ಬೋರ್ಡಿನ ಮೇಲೆ ಬಂದಿದ್ದರೆ, ಬಾಬಾಬುಡನ್‌ಗಿರಿಯ ನೆರಳಿನಲ್ಲಿರುವ ನಮ್ಮ ಹೆಸರು ಬೆಂಗಳೂರಿನ ಒಂದು ಮೆನು ಕಾರ್ಡಿನಲ್ಲಿ ಬರಲಾರದೇ?

ಇಂಥ ರೆಸ್ಟೋರೆಂಟುಗಳು ಕೊಳ್ಳುವುದು ಎಷ್ಟು, ಅದರಿಂದ ನಮ್ಮ ಸಂಘ ಉದ್ಧಾರವಾಗುತ್ತದೆಯೇ ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ರಾತ್ರಿಗೆ 60 ಲೋಟ ಕಾಫಿ ಹೋಗುವ ಜಾಗಕ್ಕೆ ವರ್ಷಕ್ಕೆ ಸುಮಾರು 480 ಕಿಲೋ ಹಸಿ ಬೀಜ ಬೇಕು. ಅಂದರೆ ಐವತ್ತು ಕಿಲೋ ತೂಕದ 12 ಮೂಟೆ ಪಾರ್ಚ್‌ಮೆಂಟು. ಇದು ಎರಡೂವರೆ ಎಕರೆಯ ಸಣ್ಣ ಸದಸ್ಯರೊಬ್ಬರ ಒಂದು ವರ್ಷದ ಬೆಳೆ. ದೊಡ್ಡ ರಫ್ತುದಾರನಿಗೆ ಇದು ಲೆಕ್ಕಕ್ಕೇ ಬಾರದ ವ್ಯಾಪಾರ. ನಮಗೆ ಹೇಳಿ ಮಾಡಿಸಿದ ವ್ಯಾಪಾರ. ನಮ್ಮ ಸಣ್ಣತನವೇ ಅನುಕೂಲವಾಗಿ ನಿಲ್ಲುವ ಜಾಗ ಇದೊಂದೇ ಇರಬಹುದು. ಅಲ್ಲದೆ ಅಲ್ಲಿ ಕಾಫಿಯು ಲೋಟದಲ್ಲಿ ಮಾತ್ರ ಹೋಗುತ್ತಿಲ್ಲ. 1980ರ ದಶಕದಲ್ಲಿ ಲಂಡನ್ನಿನ ಡಿಕ್ ಬ್ರಾಡ್‌ಸೆಲ್ ಎಂಬವರು ಬಿಸಿ ಎಸ್ಪ್ರೆಸೊವನ್ನು ಮದ್ಯದೊಡನೆ ಕುಲುಕಿ ಮಾಡಿದ ಎಸ್ಪ್ರೆಸೊ ಮಾರ್ಟಿನಿ ಎಂಬ ಪಾನೀಯ ಈಗ ರಾತ್ರಿವಿಹಾರದ ಜಾಗಗಳಲ್ಲೆಲ್ಲ ಬಹು ಬೇಡಿಕೆಯದು. ಮೇಲೆ ನೊರೆ, ನೊರೆಯ ಮೇಲೆ ಮೂರು ಕಾಫಿ ಬೀಜ. ಅದನ್ನು ಕುಡಿಯುವುದು ಬಿಡುವುದು ಅವರವರಿಗೆ ಸೇರಿದ್ದು. ನಾನು ಹೇಳುವುದಿಷ್ಟೇ, ಎಸ್ಪ್ರೆಸೊಗೆ ದಟ್ಟವಾದ ನೊರೆ ಕೊಡುವ ಗುಣ ಒಳ್ಳೆಯ ರೊಬಸ್ಟಾದಲ್ಲಿದೆ. ಅಡಿಕೆ ತೋಟದ ನೆರಳಿನಲ್ಲಿ ನಾವು ಬೆಳೆಯುವುದು ಅದನ್ನೇ.

ಅಡಿಕೆಯ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ತಾಂಬೂಲದ ಮರ್ಯಾದೆ ನಮ್ಮ ಮನೆಗಳಲ್ಲಿ ಎಂದಿಗೂ ಇದ್ದದ್ದೇ. ಆದರೆ ಹೊರಲೋಕದ ಮೇಜಿಗೆ ಅದನ್ನು ಒಯ್ಯುವ ಕಾಲ ಇದಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳ ಆಮದಿಗೂ ತಡೆಯೊಡ್ಡಿತು. ಈ ವಾದಗಳಿಗೆ ಉತ್ತರ ಕೊಡುವ ಪ್ರಯತ್ನ ನಡೆಯುವುದು ನಡೆಯಲಿ. ಆದರೆ ಭದ್ರಾ ನಾಲೆಯ ನೀರನ್ನೂ ಕೊಳವೆಬಾವಿಯನ್ನೂ ನಂಬಿ ಗದ್ದೆಯನ್ನೆಲ್ಲ ಅಡಿಕೆ ಮಾಡಿಕೊಂಡಿರುವ ನಮ್ಮ ಚನ್ನಗಿರಿ ಕಡೆಯ ಸದಸ್ಯರು ಒಂದೇ ಕಾಲಿನ ಮೇಲೆ ನಿಂತಿದ್ದಾರೆ ಎಂಬುದನ್ನು ಮರೆಯಬಾರದು. ನೀರು, ನೆರಳು, ಹವೆ ಒದಗುವ ತೋಟಗಳಲ್ಲಿ ಎರಡನೆಯ ಕಾಲಾಗಿ ಕಾಫಿ ನಿಲ್ಲಬೇಕಾದರೆ ಅದಕ್ಕೆ ಒಳ್ಳೆಯ ಬೆಲೆ ಬರಬೇಕು. ಬೆಲೆ ಬರಬೇಕಾದರೆ ಹೆಸರು ಬೇಕು.

ಸಂಘದೊಳಗಿನಿಂದ ಬರುವ ದೊಡ್ಡ ಆಕ್ಷೇಪಣೆ ಬೇರೆಯದು. ಅದು ಯಾವುದೆಂದು ನನಗೆ ಗೊತ್ತಿದೆ. ಒಬ್ಬರ ಕಾಫಿಯನ್ನು ಆರಿಸಿ ಹೆಚ್ಚು ಬೆಲೆ ಕೊಟ್ಟು, ಪಕ್ಕದ ತೋಟದವರದನ್ನು ಬಿಟ್ಟರೆ ಸಹಕಾರದ ಸಮಾನತೆ ಎಲ್ಲಿ ಉಳಿಯಿತು ಎಂದು ಹಿರಿಯ ಸದಸ್ಯರು ಕೇಳುತ್ತಾರೆ. ಅವರಿಗೆ ನಾನು ಅಡಿಕೆ ಮಂಡಿಯನ್ನೇ ತೋರಿಸುತ್ತೇನೆ. ಅಲ್ಲಿ ಸರಕು ಬೇರೆ, ಬೆಟ್ಟೆ ಬೇರೆ, ರಾಶಿ ಇಡಿ ಬೇರೆ, ಗೊರಬಲು ಬೇರೆ. ಒಬ್ಬೊಬ್ಬ ಸದಸ್ಯರ ಮೂಟೆಯೂ ಅವರವರ ಲಾಟಿನಲ್ಲಿ ನಿಂತು, ಅದರದರ ಬೆಲೆ ಪಡೆಯುತ್ತದೆ. ಶಿವಮೊಗ್ಗದಲ್ಲಿ 1939ರಲ್ಲಿ ಹುಟ್ಟಿದ ಮ್ಯಾಮ್‌ಕೋಸ್, ಚನ್ನಗಿರಿಯ ತುಮ್‌ಕೋಸ್ ಇವು ಅಡಿಕೆಯನ್ನು ಹೀಗೆ ಬಗೆ ಬಗೆಯಾಗಿ ಮಾರುವುದನ್ನು ಯಾರೂ ಅಸಮಾನತೆ ಎಂದಿಲ್ಲ. ಗೊರಬಲು ತಂದವರು ಸರಕಿನ ಬೆಲೆ ಕೇಳಿದ್ದೂ ಇಲ್ಲ. ಅಡಿಕೆಯಲ್ಲಿ ನ್ಯಾಯವಾದದ್ದು ಕಾಫಿಯಲ್ಲಿ ಅನ್ಯಾಯವಾಗುವುದು ಹೇಗೆ? ಎಲ್ಲರಿಗೂ ಒಂದೇ ಅವಕಾಶ ಕೊಡುವುದು ಸಹಕಾರ. ಹಣ್ಣಿಗೂ ಕಾಯಿಗೂ ಒಂದೇ ಬೆಲೆ ಕೊಡುವುದು ಹಣ್ಣು ಕೊಯ್ದವರಿಗೆ ಮಾಡುವ ದಂಡ.

ಸಹಕಾರಿಗಳು ಕಚ್ಚಾ ಮಾಲಿನಿಂದ ಮುಂದೆ ಹೋಗಬಾರದೆಂಬ ನಿಯಮವೂ ಇಲ್ಲ. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆಗಾಗಿ ಹುಟ್ಟಿದ ಕ್ಯಾಂಪ್ಕೊ, ಕೋಕೋ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ ಕೋಕೋ ಕೊಳ್ಳಲು ಮುಂದೆ ಬಂತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಬೆಳೆಗಾರರ ಸಂಘ ಚಾಕೊಲೇಟು ಮಾಡಬಲ್ಲುದಾದರೆ, ನಮ್ಮ ಸಂಘ ಹದಿನೈದು ಕಿಲೋ ಕಾಫಿ ಹುರಿಯುವ ಯಂತ್ರವನ್ನು ಇಟ್ಟುಕೊಳ್ಳುವುದು ಅಸಾಧ್ಯವೇನಲ್ಲ.

ಆದುದರಿಂದ ನನ್ನ ಸಲಹೆಗಳು ಇಷ್ಟು. ಮೊದಲನೆಯದಾಗಿ, ಮುಂದಿನ ಕೊಯ್ಲಿನಲ್ಲಿ ಸ್ವಇಚ್ಛೆಯಿಂದ ಮುಂದೆ ಬರುವ ಹತ್ತು ಸದಸ್ಯರಿಂದ, ಹಣ್ಣಾದದ್ದನ್ನೇ ಕೊಯ್ದು ನೆಲಕ್ಕೆ ತಾಗದಂತೆ ಒಣಗಿಸಿದ ಕಾಫಿಯನ್ನು ಬೇರೆ ಲಾಟಾಗಿ ಸಂಘ ಕೊಳ್ಳಬೇಕು, ಕೊಯ್ಲಿನ ಹೆಚ್ಚಿನ ಕೂಲಿಯನ್ನು ಮುಂಗಡವಾಗಿ ಕೊಡಬೇಕು. ಎರಡನೆಯದಾಗಿ, ಸದಸ್ಯರ ಮನೆಯ ಇಬ್ಬರು ಯುವಕ ಯುವತಿಯರನ್ನು ಕಾಫಿ ಮಂಡಳಿಯ ಕಾಪಿ ಶಾಸ್ತ್ರ ತರಬೇತಿಗೆ ಸಂಘದ ಖರ್ಚಿನಲ್ಲಿ ಕಳಿಸಬೇಕು. ತಾನು ಬೆಳೆದ ಕಾಫಿಯ ರುಚಿಯನ್ನು ತಾನೇ ಹೇಳಲಾರದವನು ಬೆಲೆ ಹೇಳುವುದು ಕಷ್ಟ. ಮೂರನೆಯದಾಗಿ, ಭೌಗೋಳಿಕ ಗುರುತಿನ ಸೀಮೆಯೊಳಗಿರುವ ಸದಸ್ಯರೆಲ್ಲರನ್ನೂ ಅಧಿಕೃತ ಬಳಕೆದಾರರೆಂದು ನೋಂದಾಯಿಸುವ ಕೆಲಸವನ್ನು ಕಚೇರಿಯೇ ಮಾಡಿಕೊಡಬೇಕು. ನಾಲ್ಕನೆಯದಾಗಿ, ಬೆಂಗಳೂರಿನ ಎರಡು ಮೂರು ಒಳ್ಳೆಯ ರೆಸ್ಟೋರೆಂಟುಗಳಿಗೆ ಮಾದರಿಯನ್ನು ಒಯ್ದು ತೋರಿಸಬೇಕು. ಬೆಲೆಯಲ್ಲಿ ಸ್ವಲ್ಪ ಬಗ್ಗೋಣ, ಒಂದು ಷರತ್ತಿನಲ್ಲಿ ಮಾತ್ರ ಬಗ್ಗುವುದು ಬೇಡ. ರೋಕ್‌ಫೋರ್, ದಿಜೋನ್, ಬೋರ್ಡೋ ಇರುವ ಆ ಪಟ್ಟಿಯಲ್ಲಿ ನಮ್ಮ ಸೀಮೆಯ ಹೆಸರೂ ಅಚ್ಚಾಗಬೇಕು.

ಇದರಲ್ಲಿ ನಷ್ಟದ ಭಯ ಇಲ್ಲವೆಂದು ಹೇಳಲಾರೆ. ಹಣ್ಣು ಆರಿಸಿ ಕೊಯ್ಯಲು ಆಳು ಸಿಗುವುದು ಕಷ್ಟ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಒಣಗಿಸುವುದು ಇನ್ನೂ ಕಷ್ಟ. ರೆಸ್ಟೋರೆಂಟಿನ ರುಚಿ ಬದಲಾಗಬಹುದು, ಇಂದು ತುಂಬಿದ ಜಾಗ ನಾಳೆ ಮುಚ್ಚಬಹುದು. ಅದಕ್ಕೇ ಹತ್ತು ಸದಸ್ಯರು, ಒಂದು ಲಾಟು ಎಂದು ಸಣ್ಣದಾಗಿ ಹೇಳಿದ್ದೇನೆ. ಕೈಸುಟ್ಟುಕೊಂಡರೂ ಬೆರಳ ತುದಿ ಮಾತ್ರ ಸುಡಬೇಕು.

ಈ ಸಲಹೆಗಳನ್ನು ವಾರ್ಷಿಕ ಮಹಾಸಭೆಯ ವಿಷಯ ಸೂಚಿಗೆ ಸೇರಿಸಲು ಆಡಳಿತ ಮಂಡಳಿಯನ್ನು ಕೋರಿದ್ದೇನೆ. ಒಪ್ಪುವವರಷ್ಟೇ ಅಲ್ಲ, ಒಪ್ಪದವರೂ ತಮ್ಮ ಅಭಿಪ್ರಾಯವನ್ನು ಸಭೆಗೆ ಮುಂಚಿತವಾಗಿ ಕಚೇರಿಗೆ ಬರೆದು ತಿಳಿಸಬೇಕೆಂದು ವಿನಂತಿ. ಹತ್ತು ಜನರಲ್ಲಿ ಒಬ್ಬರಾಗಲು ಇಚ್ಛೆಯುಳ್ಳವರು ತೋಟದ ವಿಸ್ತೀರ್ಣ, ತಳಿ, ಕಳೆದ ಸಾಲಿನ ಇಳುವರಿ ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದರೆ ಸಾಕು.